ಮೂರನೆಯ ಜವಳ

ಜವಳ ಎನ್ನುವುದು ಮಗುವಿಗೆ ಒಂದೇ ಸಲ ಮಾಡುವ ಶಾಸ್ತ್ರ. ನಮ್ಮ ಚಿನ್ನಿಗೆ ಮೂರು ಸಲ ಆಗಿದೆ. ಮೂರು ಸಲವೂ ಅವಳು ಕೂತದ್ದು ನನ್ನ ತೊಡೆಯ ಮೇಲೆ.

ಮೊದಲನೆಯದು 2017ರ ಕಾರ್ತಿಕದಲ್ಲಿ, ನಂಜನಗೂಡಿನಲ್ಲಿ. ನಂಜುಂಡೇಶ್ವರ ಭಾವನ ಕಡೆಯ ಮನೆದೇವರು. ಮಗುವಿಗೆ ಆಗ ಹನ್ನೊಂದನೆಯ ತಿಂಗಳು. ಸೋದರಮಾವನಾದವನು ಹೊಸ ಬಟ್ಟೆ ತಂದು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕೂದಲು ತೆಗೆಸಬೇಕು. ಅದು ನಮ್ಮಲ್ಲಿ ಮಾವನ ಹಕ್ಕು, ಮಾವನ ಖರ್ಚು ಕೂಡ. ಕಪಿಲೆಯ ದಂಡೆಯಲ್ಲಿ ಕ್ಷೌರಿಕ ನೆತ್ತಿಗೆ ನೀರು ಚಿಮುಕಿಸಿದ್ದೇ ತಡ, ಸ್ನಾನಘಟ್ಟದಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕಿರುಚಿದಳು. ನನ್ನ ಹೊಸ ಪಂಚೆ ಒದ್ದೆಯಾಯಿತು. ಎಲ್ಲರೂ ನಕ್ಕರು. ಬೋಳುತಲೆಗೆ ಗಂಧ ಬಳಿದುಕೊಂಡು ಮುಖ ಊದಿಸಿ ಕೂತಿರುವ ಅವಳ ಫೋಟೊ ಅಕ್ಕನ ಮನೆಯ ಟಿವಿಯ ಪಕ್ಕದಲ್ಲಿ ಈಗಲೂ ಇದೆ.

ಎರಡನೆಯದು 2020ರ ಫೆಬ್ರುವರಿಯಲ್ಲಿ, ತ್ಯಾಗರಾಜನಗರದ ಅವರ ಬಾಡಿಗೆ ಮನೆಯ ಬಚ್ಚಲಲ್ಲಿ. ದಿಂಬಿನ ಮೇಲೆ, ತಟ್ಟೆಯಲ್ಲಿ, ಅಕ್ಕನ ಸೆರಗಿನಲ್ಲಿ ಎಲ್ಲೆಂದರಲ್ಲಿ ಕೂದಲು. ಬ್ಲೇಡು ಮುಟ್ಟಿಸಲೇಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಪ್ಲೇಟ್‌ಲೆಟ್ ಕಡಿಮೆಯಿರುವಾಗ ಚರ್ಮ ಸ್ವಲ್ಪ ಗೀರಿದರೂ ರಕ್ತ ನಿಲ್ಲುವುದು ಕಷ್ಟ. ಹಾಗಾಗಿ ನನ್ನ ಗಡ್ಡದ ಟ್ರಿಮ್ಮರ್ ತೆಗೆದುಕೊಂಡು ಹೋದೆ. ಅರ್ಧ ತಲೆ ಆಗುವಷ್ಟರಲ್ಲಿ ಚಾರ್ಜ್ ಮುಗಿದು ಅದು ನಿಂತುಹೋಯಿತು. ಮೂರು ವರ್ಷದ ಮಗು ಅರ್ಧ ಬೋಳಾದ ತಲೆಯಲ್ಲಿ ನಲವತ್ತು ನಿಮಿಷ ನನ್ನ ತೊಡೆಯ ಮೇಲೆ ಕೂತಿತ್ತು. ಅಕ್ಕ ಬಾಗಿಲ ಹೊರಗೆ ನಿಂತಿದ್ದಳು, ಒಳಗೆ ಬರಲಿಲ್ಲ.

ಮೂರನೆಯದು 2024ರ ಜನವರಿಯಲ್ಲಿ. ಆ ಸಲ ದೊಡ್ಡವರು ಯಾರೂ ನನ್ನನ್ನು ಕರೆಯಲಿಲ್ಲ. ಚಿನ್ನಿಯೇ ಅಕ್ಕನ ಮೊಬೈಲಿನಿಂದ ಫೋನು ಮಾಡಿ, "ಮಾಮ, ಭಾನುವಾರ ಬರುವಾಗ ಟ್ರಿಮ್ಮರ್ ಚಾರ್ಜ್ ಮಾಡಿಕೊಂಡು ಬಾ" ಎಂದಳು. ಕೂದಲು ಇನ್ನೂ ಉದುರಲು ಶುರುವಾಗಿರಲಿಲ್ಲ.

ಎರಡು ವರ್ಷದಿಂದ ನನ್ನ ತಲೆಯಲ್ಲಿ ಕೂತಿರುವುದು ಆ ಮಾತು. ಚಾರ್ಜ್ ಮಾಡಿಕೊಂಡು ಬಾ.

ಮಗುವಿನ ನಿಜವಾದ ಹೆಸರು ಇಲ್ಲಿ ಬೇಡ. ಆಸ್ಪತ್ರೆಯದೂ ಬೇಡ. ನಾನು ಅಕ್ಕನಿಗಿಂತ ಆರು ವರ್ಷ ಚಿಕ್ಕವನು, ಸಹಕಾರಿ ಬ್ಯಾಂಕೊಂದರಲ್ಲಿ ಕ್ಯಾಷಿಯರ್. ಹನುಮಂತನಗರದಲ್ಲಿ ಅಮ್ಮನ ಜೊತೆ ಇದ್ದೇನೆ. ಮದುವೆಯಾಗದ ಸೋದರಮಾವ ಎಂದರೆ ಕುಟುಂಬದ ಪಾಲಿಗೆ ಬಾಡಿಗೆ ಕೇಳದ ಆಟೋ ಇದ್ದ ಹಾಗೆ. ಎಷ್ಟು ಹೊತ್ತಿಗೆ ಕರೆದರೂ ಬರುತ್ತಾನೆ, ಮೀಟರಿಲ್ಲ. ಅಕ್ಕ–ಭಾವ ಎದುರಿಸಿದ್ದನ್ನು ನಾನು ಎದುರಿಸಿದೆ ಎನ್ನುವ ಧೈರ್ಯ ನನಗಿಲ್ಲ. ಒಂದು ಮಾರು ಹಿಂದೆ ನಿಂತು ನೋಡಿದವನು ನಾನು. ಕೆಲವೊಂದು ಸಂಗತಿ ಅಲ್ಲಿಂದಲೇ ಚೆನ್ನಾಗಿ ಕಾಣಿಸುತ್ತದೆ.

ಮೊದಲ ಸಲ ನಮಗೆ ಏನೂ ಗೊತ್ತಿರಲಿಲ್ಲ. ಕಾಲು ನೋವು ಎಂದು ಮಗು ರಾತ್ರಿ ಅಳುತ್ತಿತ್ತು. ಬೆಳೆಯುವ ಮಕ್ಕಳಿಗೆ ಇದೆಲ್ಲ ಸಹಜ ಎಂದು ಬಡಾವಣೆಯ ಕ್ಲಿನಿಕ್ಕಿನಲ್ಲಿ ಟಾನಿಕ್ ಬರೆದುಕೊಟ್ಟರು. ಬಿಟ್ಟು ಬಿಟ್ಟು ಜ್ವರ ಬಂತು. ಮೊಣಕಾಲ ಕೆಳಗೆ, ಎಲ್ಲಿಯೂ ಬೀಳದೆ, ಹೆಪ್ಪುಗಟ್ಟಿದಂಥ ನೀಲಿ ಕಲೆಗಳು ಎದ್ದವು. "ಮಗುವಿನ ಮುಖದಲ್ಲಿ ಕಳೆಯೇ ಇಲ್ಲವಲ್ಲೋ" ಎಂದು ನಮ್ಮಮ್ಮ ಹದಿನೈದು ದಿನದಿಂದ ಹೇಳುತ್ತಲೇ ಇದ್ದಳು. ಕೊನೆಗೆ ರಕ್ತ ಪರೀಕ್ಷೆ, ಆಮೇಲೆ ಮೂಳೆಮಜ್ಜೆಯ ಪರೀಕ್ಷೆ. ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ, ಅದೂ ಎರಡರಿಂದ ಐದು ವರ್ಷದವರಲ್ಲಿ ಹೆಚ್ಚು. ವೈದ್ಯೆ ತಾಳ್ಮೆಯಿಂದ ವಿವರಿಸಿದರು. ರಕ್ತ ಹುಟ್ಟುವ ಮಜ್ಜೆಯನ್ನು ಒಂದು ತೋಟ ಎಂದುಕೊಳ್ಳಿ. ಅಲ್ಲಿ ಕಳೆ ಬೆಳೆದು ಗಿಡಗಳಿಗೆ ಜಾಗವೇ ಇಲ್ಲದಂತಾಗಿದೆ. ಅಮ್ಮ ನನ್ನ ಮುಖ ನೋಡಿದಳು. ಮುಖದಲ್ಲಿ ಇಲ್ಲದ ಕಳೆ ಮೂಳೆಯೊಳಗೆ ಬೆಳೆಯುತ್ತಿತ್ತು.

ಆ ವಾರ ನಾವು ಮಾಡಿದ ಮೊದಲ ಕೆಲಸ ಊರಿಗೆಲ್ಲ ಸುಳ್ಳು ಹೇಳಿದ್ದು. ರಕ್ತ ಕಡಿಮೆಯಾಗಿದೆ, ಅಡ್ಮಿಟ್ ಮಾಡಿದ್ದೇವೆ, ಅಷ್ಟೆ. ಬೆಂಗಳೂರಿನಲ್ಲಿ ಕ್ಯಾನ್ಸರ್ ಎಂಬ ಮಾತನ್ನು ಆಡದೆಯೂ ಆಡಬಹುದು. "ಕಿದ್ವಾಯಿಗೆ ತೋರಿಸಿ ಎಂದರಂತೆ" ಎಂದರೆ ಸಾಕು, ಕೇಳಿದವರ ಕೈ ಎದೆಗೆ ಹೋಗುತ್ತದೆ. 1973ರಲ್ಲಿ ಹೊಸೂರು ರಸ್ತೆಯಲ್ಲಿ ಶುರುವಾದ ಸಂಸ್ಥೆ ಅದು. ಕೇಂದ್ರ ಮಂತ್ರಿಯಾಗಿದ್ದ ರಫಿ ಅಹಮದ್ ಕಿದ್ವಾಯಿಯವರ ಹೆಸರು ಅದಕ್ಕೆ ಇಟ್ಟದ್ದೆಂದು ಎಷ್ಟು ಜನರಿಗೆ ಗೊತ್ತೋ. ಒಬ್ಬ ಮನುಷ್ಯನ ಹೆಸರು ಕನ್ನಡದಲ್ಲಿ ಒಂದು ಕಾಯಿಲೆಯ ಹೆಸರಾಗಿ ಕೂತಿದೆ. ನಾವು ಹೋದದ್ದು ಬೇರೆ ಆಸ್ಪತ್ರೆಗೆ. ಆದರೂ ಆ ರಸ್ತೆಯಲ್ಲಿ ಹೋಗುವಾಗ, ಟವೆಲಿನಲ್ಲಿ ತಲೆ ಸುತ್ತಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಳಿಯುವ ರಾಯಚೂರು, ಕಲಬುರಗಿ ಕಡೆಯ ಅಪ್ಪಂದಿರು ಕಾಣುತ್ತಾರೆ. ಅವರನ್ನು ನೋಡಿದಾಗ, ಎರಡು ಕಿಲೋಮೀಟರ್ ದೂರದಲ್ಲಿ ಮನೆಯಿರುವ ನಾವು ಅಳುವುದಕ್ಕೂ ಸಂಕೋಚಪಡಬೇಕು ಅನ್ನಿಸುತ್ತದೆ.

ಚಿಕಿತ್ಸೆ ಎರಡೂವರೆ ವರ್ಷ ನಡೆಯಿತು. ಅದನ್ನೆಲ್ಲ ಬರೆಯುವುದಿಲ್ಲ. ಶುರುವಾದ ಎರಡನೆಯ ತಿಂಗಳಿಗೇ ಲಾಕ್‌ಡೌನ್ ಬಂದು, ಇಡೀ ಬೆಂಗಳೂರು ಚಿನ್ನಿಯ ಹಾಗೆ ಮಾಸ್ಕ್ ಹಾಕಿಕೊಂಡು, ಚಿನ್ನಿಯ ಹಾಗೆ ಕೈ ತೊಳೆದುಕೊಂಡು ಮನೆಯೊಳಗೆ ಕೂತಿತು. ನನಗೆ ಒಳಗೊಳಗೇ ಒಂದು ಸಮಾಧಾನವಾಯಿತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಆಯಿತು. 2022ರ ಜುಲೈನಲ್ಲಿ ಕೊನೆಯ ಮಾತ್ರೆ. ವಾರ್ಡಿನಲ್ಲಿ ಕೇಕ್ ಕತ್ತರಿಸಿದರು. ಮತ್ತೆ ಬೆಳೆದ ಕೂದಲು ಗುಂಗುರಾಗಿತ್ತು. ಕೀಮೋ ಆದಮೇಲೆ ಹಾಗೆ ಬರುವುದುಂಟಂತೆ. "ನಮ್ಮ ವಂಶದಲ್ಲಿ ಯಾರಿಗೂ ಗುಂಗುರಿಲ್ಲ, ಇದು ಯಾರ ಕಡೆಯದು?" ಎಂದು ಅಮ್ಮ ದಿನಾ ತಲೆ ಬಾಚುವಾಗ ಬೆರಗಾಗುತ್ತಿದ್ದಳು. 2023ರ ಬೇಸಿಗೆಯಲ್ಲಿ ಅಮ್ಮನೇ ಕೂತು ಮಲ್ಲಿಗೆ ಮೊಗ್ಗು ಪೋಣಿಸಿ ಅವಳಿಗೆ ಮೊಗ್ಗಿನ ಜಡೆ ಹಾಕಿದಳು. ಗಾಂಧಿ ಬಜಾರಿನ ಸ್ಟುಡಿಯೋದಲ್ಲಿ, ಹಿಂದೆ ಕನ್ನಡಿ ಇಟ್ಟು, ಜಡೆಯೂ ಮುಖವೂ ಒಟ್ಟಿಗೆ ಕಾಣುವ ಹಾಗೆ ಫೋಟೊ ತೆಗೆಸಿದೆವು. ಆ ಫೋಟೊ ಟಿವಿಯ ಇನ್ನೊಂದು ಪಕ್ಕದಲ್ಲಿದೆ.

2023ರ ಡಿಸೆಂಬರ್, ಅವರೆಕಾಯಿಯ ಕಾಲ. ಮೂರು ತಿಂಗಳಿಗೊಮ್ಮೆ ಮಾಡಿಸುವ ರಕ್ತ ಪರೀಕ್ಷೆಯ ವರದಿ ರಾತ್ರಿ ಒಂಬತ್ತೂವರೆಗೆ ಅಕ್ಕನ ಮೊಬೈಲಿಗೆ ಬಂತು. ಅವಳು ಹಿದುಕಿದ ಅವರೆಬೇಳೆ ಮಾಡುತ್ತಿದ್ದಳು. ಹಿಂದಿನ ಸಲ ಪ್ಲೇಟ್‌ಲೆಟ್ 2,60,000 ಇದ್ದದ್ದು ಈ ಸಲ 48,000. ನನಗೆ ಫೋನು ಮಾಡಿದಳು. ಒಂದು ಕ್ಷಣ ಸುಮ್ಮನಿದ್ದು, "ನಲವತ್ತೆಂಟು ಕಣೋ" ಎಂದಳು, ಅಷ್ಟೆ. ದಿನವಿಡೀ ನೋಟು ಎಣಿಸುವವನು ನಾನು. ಆದರೆ ಆ ಅಂಕಿಯ ಅರ್ಥ ನನಗಿಂತ ಮೊದಲು ಅವಳಿಗೆ ಆಗಿತ್ತು. ಸೋಮವಾರದ ಮಜ್ಜೆಯ ಪರೀಕ್ಷೆ ಬರೀ ಮೊಹರು ಒತ್ತಿತು.

ವೈದ್ಯೆ ಬಳಸಿದ ಪದ "ಮರುಕಳಿಸಿದೆ". ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಈ ಮಾತನ್ನು ವಿಷಮಶೀತ ಜ್ವರಕ್ಕೆ ಬಳಸುತ್ತಿದ್ದರು. ಜ್ವರ ಬಿಟ್ಟ ಹುಡುಗ ಕದ್ದು ಬೋಂಡ ತಿಂದರೆ ಜ್ವರ ಮರುಕಳಿಸುತ್ತಿತ್ತು. ಆ ಮಾತಿನಲ್ಲಿ ಎಲ್ಲೋ ಒಂದು ತಪ್ಪು ಅಡಗಿರುತ್ತದೆ, ಯಾರೋ ಪಥ್ಯ ಮುರಿದಿರಬೇಕು. ಅಕ್ಕ ವಾರವಿಡೀ ಆ ತಪ್ಪನ್ನು ಹುಡುಕಿದಳು. ಹೊರಗಿನ ಪಾನಿಪುರಿ ಕೊಡಿಸಿದ್ದೇ? ಶಾಲೆಗೆ ಬೇಗ ಕಳಿಸಿದ್ದೇ? ಮಾತ್ರೆ ಕೊಡುವ ಕಾಲದಲ್ಲಿ ಯಾವತ್ತಾದರೂ ಒಂದು ದಿನ ಮರೆತದ್ದೇ? ಇವಕ್ಕೆಲ್ಲ ಸಂಬಂಧವಿಲ್ಲ ಎಂದು ವೈದ್ಯೆ ಮೂರು ಸಲ ಹೇಳಿದರು. ಮೊದಲ ಚಿಕಿತ್ಸೆಯನ್ನು ತಪ್ಪಿಸಿಕೊಂಡು ಎಲ್ಲೋ ಅಡಗಿ ಕೂತ ನಾಲ್ಕು ಕಣಗಳು ಸಾಕಂತೆ. ಚಿಕಿತ್ಸೆ ಮುಗಿದು ಬಹಳ ದಿನಗಳ ಮೇಲೆ ಬಂದಿದೆ, ಬೇಗ ಬರುವುದಕ್ಕಿಂತ ತಡವಾಗಿ ಬರುವುದು ಒಳ್ಳೆಯ ಲಕ್ಷಣ ಎಂದೂ ಹೇಳಿದರು. ಆ ಡಿಸೆಂಬರಿನಲ್ಲಿ ನಮಗೆ ಸಿಕ್ಕ ಒಳ್ಳೆಯ ಸುದ್ದಿ ಅದೊಂದೇ: ಬಂದದ್ದು ತಡವಾಗಿ ಬಂದಿದೆ.

ಎರಡನೆಯ ಸಲ ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆ. ಮೊದಲ ಸಲ ಆಸ್ಪತ್ರೆಗೆ ಸೇರಿಸುವ ದಿನ ಅಕ್ಕ ಮಗುವಿನ ಬಟ್ಟೆ ಮರೆತು ಹಾರ್ಲಿಕ್ಸ್ ಬಾಟಲಿ ಮಾತ್ರ ತಂದಿದ್ದಳು. ಈ ಸಲ ಅವಳು ಸೇರಿಸುವ ಮುನ್ನಾದಿನ ಗಾಂಧಿ ಬಜಾರಿಗೆ ಹೋಗಿ ಮೂರು ಕಿಲೋ ಚಿರೋಟಿ ರವೆಯಲ್ಲ, ಉಪ್ಪಿಟ್ಟಿನ ರವೆ ತಂದಳು. ರಾತ್ರಿ ಹನ್ನೊಂದರವರೆಗೂ ಕೂತು ಹುರಿದಳು. ಮನೆ ತುಂಬ ಹುರಿದ ರವೆಯ ವಾಸನೆ, ಮದುವೆ ಮನೆಯ ಹಾಗೆ. ಆರಿಸಿ, ಸ್ಟೀಲ್ ಡಬ್ಬಿಗೆ ತುಂಬಿ, ಒಗ್ಗರಣೆಯ ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆಯನ್ನೂ ಬೇರೆ ಡಬ್ಬಿಯಲ್ಲಿ ಬೆರೆಸಿಟ್ಟಳು. ಭಾವ ಏನೂ ಕೇಳದೆ ಡಬ್ಬಿಯ ಮುಚ್ಚಳ ಬಿಗಿ ಮಾಡಿದರು.

ಏಕೆಂದರೆ ಸ್ಟೆರಾಯ್ಡ್ ಏನು ಮಾಡುತ್ತದೆ ಎಂದು ನಮಗೆ ಗೊತ್ತಿತ್ತು. ಡೆಕ್ಸಾಮೆಥಸೋನ್ ಹೊಟ್ಟೆಗೆ ಬಿದ್ದ ಎರಡನೆಯ ದಿನದಿಂದ ಮಗುವಿಗೆ ಹಸಿವಿನ ಭೂತ ಹಿಡಿಯುತ್ತದೆ. ರಾತ್ರಿ ಮೂರು ಗಂಟೆಗೆ ಎದ್ದು ಕೂತು ಉಪ್ಪಿಟ್ಟು ಬೇಕು ಎನ್ನುತ್ತದೆ. ಬಿಸ್ಕತ್ತು ಕೊಟ್ಟರೆ ಎಸೆಯುತ್ತದೆ. ಬೇಕಾದದ್ದು ಉಪ್ಪಿಟ್ಟೇ, ಬಿಸಿಯಾಗಿರಬೇಕು, ಮೇಲೆ ತುಪ್ಪ ಇರಬೇಕು. 2020ರಲ್ಲಿ ಅಕ್ಕ ಆ ಹೊತ್ತಿನಲ್ಲಿ ನಡುಗುವ ಕೈಯಲ್ಲಿ ರವೆ ಹುರಿಯುತ್ತಿದ್ದರೆ ಮಗು ಅಡುಗೆಮನೆಯ ಹೊಸಿಲ ಮೇಲೆ ಕೂತು ಹಸಿವಿನಿಂದ ಅಳುತ್ತಿತ್ತು. ಹಸಿದ ಮಗುವನ್ನು ಏಳು ನಿಮಿಷ ಕಾಯಿಸಿದ್ದು ಅಕ್ಕನಿಗೆ ಸೂಜಿಗಳಿಗಿಂತ ಹೆಚ್ಚಾಗಿ ನೆನಪಿತ್ತು.

ಈ ಸಲ ಶನಿವಾರದ ರಾತ್ರಿಗಳಲ್ಲಿ ನಾನು ಅಲ್ಲಿ ಮಲಗುತ್ತಿದ್ದೆ. ಮೂರು ಗಂಟೆಗೆ ಚಿನ್ನಿ ನನ್ನನ್ನು ಮೆಲ್ಲನೆ ತಟ್ಟಿ ಎಬ್ಬಿಸುತ್ತಿದ್ದಳು. "ಅಮ್ಮನನ್ನು ಎಬ್ಬಿಸಬೇಡ ಮಾಮ, ರವೆ ಎಲ್ಲಿದೆ ಎಂದು ನನಗೆ ಗೊತ್ತು." ನಾನು ನೀರು ಕುದಿಸುತ್ತಿದ್ದೆ, ಅವಳು ಸ್ಟೂಲಿನ ಮೇಲೆ ಕೂತು ಡಬ್ಬಿಯಿಂದ ಅಳೆದು ಕೊಡುತ್ತಿದ್ದಳು. ಬಿಳಿ ರಕ್ತಕಣ ಬಿದ್ದುಹೋದ ದಿನಗಳಲ್ಲಿ ಹಸಿ ಕೊತ್ತಂಬರಿ ಉದುರಿಸುವ ಹಾಗಿಲ್ಲ. ಅದೂ ಅವಳಿಗೆ ಗೊತ್ತಿತ್ತು. ತಟ್ಟೆ ಮುಗಿಸಿ, ಕೈಬೆರಳು ನೆಕ್ಕಿ, "ಇನ್ನೂ ಹಸಿವಿದೆ, ಆದರೆ ಇದು ನನ್ನ ಹಸಿವಲ್ಲ, ಮಾತ್ರೆಯ ಹಸಿವು" ಎಂದು ಹೇಳಿ ಮಲಗುತ್ತಿದ್ದಳು. ಏಳು ವರ್ಷದ ಮಗುವಿಗೆ ತನ್ನ ಹಸಿವು ಯಾವುದು, ಮಾತ್ರೆಯ ಹಸಿವು ಯಾವುದು ಎಂದು ಬೇರೆ ಮಾಡಲು ಬರುತ್ತದೆ ಎನ್ನುವುದು ಹೆಮ್ಮೆಪಡುವ ವಿಷಯವೋ ಅಲ್ಲವೋ ನಾನರಿಯೆ. ನೋಡಲು ಬಂದವರೆಲ್ಲ "ಎಷ್ಟು ಧೈರ್ಯವಂತೆ!" ಎನ್ನುತ್ತಿದ್ದರು. ಅದು ಧೈರ್ಯವಲ್ಲ, ರೂಢಿ. ಈ ರೂಢಿ ಯಾವ ಮಗುವಿಗೂ ಆಗಬಾರದು.

ನೋಡಲು ಬಂದವರೂ ಈ ಸಲ ಕಡಿಮೆ. ಮೊದಲ ಸಲ ಫ್ರಿಜ್ಜಿನಲ್ಲಿ ಸೇಬು ಇಡಲು ಜಾಗವಿರಲಿಲ್ಲ. ಈ ಸಲ ನಾಲ್ಕೇ ಮನೆಯವರು ಬಂದರು. ಮೊದಮೊದಲು ಸಿಟ್ಟು ಬಂತು. ಆಮೇಲೆ ಅನ್ನಿಸಿತು, ಅವರ ಹತ್ತಿರ ಇದ್ದ ಮಾತುಗಳು ಒಂದೇ ಸಲಕ್ಕೆ ಆಗುವಷ್ಟಿದ್ದವು. ದೇವರು ದೊಡ್ಡವನು, ಎಲ್ಲ ಸರಿಹೋಗುತ್ತದೆ ಎಂದು ಹೇಳಿಯಾಗಿತ್ತು, ಸರಿಯೂ ಹೋಗಿತ್ತು. ಈಗ ಅದೇ ಬಾಯಲ್ಲಿ ಮತ್ತೇನು ಹೇಳುವುದು? ಕೆಳಗಿನ ಮನೆಯ ಓನರ್ ಆಂಟಿ ಮಾತ್ರ ಏನೂ ಹೇಳದೆ ಆರು ತಿಂಗಳು ದಿನಾ ಬೆಳಿಗ್ಗೆ ಕುದಿಸಿ ಆರಿಸಿದ ನೀರಿನ ಎರಡು ಕ್ಯಾನು ಮೆಟ್ಟಿಲ ಮೇಲೆ ಇಟ್ಟು ಹೋದರು. ಬಾಡಿಗೆ ಹೆಚ್ಚಿಸುವ ಜನವರಿಯಲ್ಲಿ ಬಾಡಿಗೆಯ ಮಾತೇ ಎತ್ತಲಿಲ್ಲ. ಬೆಂಗಳೂರಿನ ಓನರುಗಳ ಬಗ್ಗೆ ನಾನು ಹಿಂದೆ ಆಡಿದ ಮಾತುಗಳಲ್ಲಿ ಅರ್ಧವನ್ನು ವಾಪಸು ತೆಗೆದುಕೊಂಡಿದ್ದೇನೆ.

ನನ್ನ ಪಾಲಿನ ಕೆಲಸ ಪ್ಲೇಟ್‌ಲೆಟ್ ಹೊಂದಿಸುವುದು. ಒಣಹುಲ್ಲಿನ ಬಣ್ಣದ ಆ ಚೀಲವನ್ನು ಐದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಲಾಗುವುದಿಲ್ಲ. ಇಡುವಾಗಲೂ ತೊಟ್ಟಿಲಿನ ಹಾಗೆ ಯಂತ್ರವೊಂದು ಅದನ್ನು ತೂಗುತ್ತಲೇ ಇರಬೇಕು. ಹಾಗಾಗಿ ಮೊದಲೇ ತಂದು ಕೂಡಿಡುವ ಪ್ರಶ್ನೆಯಿಲ್ಲ, ಪ್ರತಿ ಸಲವೂ ಹೊಸ ತೋಳು ಬೇಕು. ಸಂಕ್ರಾಂತಿಯ ಸಾಲು ರಜೆಯಲ್ಲಿ ಅರ್ಧ ಬೆಂಗಳೂರು ಊರಿಗೆ ಹೋಗಿರುವಾಗ ದಾನಿಗಳನ್ನು ಹುಡುಕಿ ನೋಡಿ, ಈ ಊರು ಯಾರ ಊರೆಂದು ತಿಳಿಯುತ್ತದೆ. ಆ ಹಬ್ಬದ ದಿನ ಒಂದೂವರೆ ಗಂಟೆ ಯಂತ್ರಕ್ಕೆ ತೋಳು ಕೊಟ್ಟು ಮಲಗಿದವನು ನಮ್ಮ ಬ್ಯಾಂಕಿನ ಸೆಕ್ಯೂರಿಟಿಯ ಒಡಿಶಾದ ಹುಡುಗ. ಅವನಿಗೆ ಊರಿಗೆ ಹೋಗಲು ರಜೆ ಸಿಕ್ಕಿರಲಿಲ್ಲ. ಎಳ್ಳುಬೆಲ್ಲದ ಪೊಟ್ಟಣ ಕೊಟ್ಟರೆ ಏನಿದು ಎಂದು ಕೇಳಿದ.

ಮೊದಲ ಸಲದ ಔಷಧ ಕೆಂಪಗಿತ್ತು, ಮಗುವಿನ ಮೂತ್ರವೂ ಕೆಂಪಾಗುತ್ತಿತ್ತು. ಈ ಸಲ ಮೊದಲ ಎರಡು ದಿನ ಹಾಕಿದ್ದು ಮೈಟೊಕ್ಸಾಂಟ್ರೋನ್ ಎಂಬ ಕಡುನೀಲಿ ಔಷಧ. ಶಾಯಿಯನ್ನೇ ಏರಿಸುತ್ತಿದ್ದಾರೇನೋ ಅನ್ನಿಸುವ ನೀಲಿ. ಅಮ್ಮ ಹಾಸಿಗೆಯ ಪಕ್ಕ ನಿಂತು, ಕೊಳವೆಯಲ್ಲಿ ಆ ನೀಲಿ ಇಳಿದು ಮಗುವಿನ ಎದೆಯ ಪೋರ್ಟ್‌ನೊಳಗೆ ಹೋಗುವುದನ್ನು ನೋಡಿದಳು. "ನಂಜುಂಡಪ್ಪಾ" ಎಂದಳು. ದಿನಕ್ಕೆ ಹತ್ತು ಸಲ ಅಭ್ಯಾಸದಿಂದ ಬಾಯಿಗೆ ಬರುವ ಹೆಸರು. ಆವತ್ತು ಹೇಳಿ ತಾನೇ ಬೆಚ್ಚಿಬಿದ್ದವಳಂತೆ ನನ್ನ ತೋಳು ಹಿಡಿದುಕೊಂಡಳು.

ಅಮ್ಮನಿಗೂ ವೈದ್ಯೆಗೂ ಒಂದು ಸಣ್ಣ ಜಗಳವೂ ಆಯಿತು. ವಾರಕ್ಕೊಮ್ಮೆ ಕೊಡುವ ವಿನ್‌ಕ್ರಿಸ್ಟೀನ್ ಎಂಬ ಮದ್ದು ಹುಟ್ಟಿದ್ದು ನಿತ್ಯಪುಷ್ಪದ ಗಿಡದಿಂದ ಎಂದು ನಾನೇ ಎಲ್ಲೋ ಓದಿ ಹೇಳಿದ್ದು ತಪ್ಪಾಯಿತು. ಕೆಲವರು ಕಾಶಿ ಕಣಗಿಲೆ ಎನ್ನುತ್ತಾರಲ್ಲ, ಅದೇ. ನಮ್ಮ ತಾರಸಿಯ ಮೇಲೆ ಒಡೆದ ಬಕೆಟ್ಟಿನಲ್ಲಿ ಅದರ ಎರಡು ಗಿಡಗಳಿವೆ, ಅಮ್ಮ ದಿನಾ ದೇವರಿಗೆ ಏರಿಸುತ್ತಾಳೆ. ಮರುದಿನವೇ ಎಲೆ ಕಿತ್ತು ಕಷಾಯ ಮಾಡಿ ಫ್ಲಾಸ್ಕಿನಲ್ಲಿ ತುಂಬಿಕೊಂಡು ಆಸ್ಪತ್ರೆಗೆ ಬಂದಳು. ವೈದ್ಯೆ ಅದನ್ನು ಸಿಂಕಿಗೆ ಸುರಿದರು. ಆ ಎಲೆಯಲ್ಲಿ ಹತ್ತಾರು ಬಗೆಯ ನಂಜು ಇರುತ್ತದೆ, ನೂರಾರು ಕಿಲೋ ಒಣ ಎಲೆಯಿಂದ ಒಂದು ಗ್ರಾಂ ಮದ್ದನ್ನು ಬೇರ್ಪಡಿಸಿ, ಮಗುವಿನ ಮೈ ಅಳತೆಗೆ ತಕ್ಕಂತೆ ಎಣಿಸಿ ಕೊಡಬೇಕು, ಅದೂ ರಕ್ತನಾಳಕ್ಕೆ ಮಾತ್ರ, ಬೆನ್ನಿನ ಇಂಜೆಕ್ಷನ್ನಿನಲ್ಲಿ ತಪ್ಪಿಹೋದರೆ ಪ್ರಾಣವೇ ಹೋಗುತ್ತದೆ ಎಂದು ವಿವರಿಸಿದರು. ಅಮ್ಮ ಎಲ್ಲ ಕೇಳಿ, "ಹಾಗಾದರೆ ನಾನು ಇಷ್ಟು ವರ್ಷ ದೇವರ ತಲೆಯ ಮೇಲೆ ಇಟ್ಟದ್ದು?" ಎಂದಳು. ವೈದ್ಯೆ ನಕ್ಕುಬಿಟ್ಟರು. ಆಮೇಲೆ ಇಬ್ಬರೂ ಸ್ನೇಹಿತೆಯರಾದರು.

ಓದುವ ಚಟ ನನಗೆ ಆ ತಿಂಗಳುಗಳಲ್ಲಿ ಹತ್ತಿತು. ಕೌಂಟರಿನಲ್ಲಿ ಊಟದ ಹೊತ್ತಿಗೆ ಮೊಬೈಲಿನಲ್ಲಿ ಲ್ಯುಕೇಮಿಯಾದ ಚರಿತ್ರೆ. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಕೂತು ಫೋಲಿಕ್ ಆಮ್ಲಕ್ಕೆ ಎದುರಾಳಿಯಾದ ಔಷಧಗಳನ್ನು ಮಾಡಿಸಿದರು. ಅದರಲ್ಲೊಂದನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ 1947ರಲ್ಲಿ ಲ್ಯುಕೇಮಿಯಾ ಮಕ್ಕಳಿಗೆ ಕೊಟ್ಟರು. 1948ರಲ್ಲಿ ಪ್ರಕಟವಾದ ವರದಿಯಲ್ಲಿ 16 ಮಕ್ಕಳಿದ್ದಾರೆ. 10 ಮಕ್ಕಳು ಚೇತರಿಸಿಕೊಂಡರು, ಎದ್ದು ಆಡಿದರು. ಆಮೇಲೆ ಕಾಯಿಲೆ ಮರುಕಳಿಸಿತು. ಆ ವರ್ಷವೇ ಸುಬ್ಬರಾವ್ ತೀರಿಕೊಂಡರು. ಚಿನ್ನಿ ಪ್ರತಿ ಮಂಗಳವಾರ ನುಂಗುವ ಮೆಥೊಟ್ರೆಕ್ಸೇಟ್ ಎಂಬ ಹಳದಿ ಮಾತ್ರೆ ಆ ಔಷಧದ ತಂಗಿ. ಎಂದರೆ ಈ ಕಾಯಿಲೆಗೆ ಮದ್ದು ಹುಟ್ಟಿದ ದಿನದಿಂದಲೇ ಮರುಕಳಿಸುವುದೂ ಜೊತೆಗಿದೆ. ಒಂದು ಮದ್ದಿಗೆ ಮಣಿಯದಿದ್ದರೆ ಎರಡು, ಎರಡಕ್ಕೆ ಮಣಿಯದಿದ್ದರೆ ನಾಲ್ಕು ಎಂದು ಕೂಡಿಸುತ್ತಾ ಬಂದು, ಇವತ್ತು ಶ್ರೀಮಂತ ದೇಶಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಕ್ಕಳು ಬದುಕುತ್ತಾರೆ. ಇದನ್ನು ಭಾವನಿಗೆ ಹೇಳಿದೆ. ಅವರು ಪೀಣ್ಯದ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವವರು. "ನೂರಕ್ಕೆ ಹತ್ತು ತಿರಸ್ಕೃತ ಎಂದರೆ ನಮ್ಮಲ್ಲಿ ಮೆಷಿನ್ ನಿಲ್ಲಿಸುತ್ತಾರೆ" ಎಂದು ಎದ್ದುಹೋದರು.

ಭಾವನ ಓದು ಬೇರೆ ದಾರಿಯದು. ಮಗುವಿನದೇ ಬಿಳಿ ರಕ್ತಕಣಗಳನ್ನು ಹೊರತೆಗೆದು, ತಿದ್ದಿ, ಮತ್ತೆ ಒಳಗೆ ಬಿಡುವ ಕಾರ್-ಟಿ ಚಿಕಿತ್ಸೆಯ ಬಗ್ಗೆ ಅವರು ಒಂದು ನೋಟ್‌ಬುಕ್ಕೇ ಬರೆದಿದ್ದಾರೆ. 2012ರಲ್ಲಿ ಅಮೆರಿಕದಲ್ಲಿ ಕಾಯಿಲೆ ಮರುಕಳಿಸಿದ್ದ ಆರು ವರ್ಷದ ಹುಡುಗಿಯೊಬ್ಬಳು ಅದರಿಂದ ಉಳಿದಳು. ಬಾಂಬೆ ಐಐಟಿ ಮತ್ತು ಟಾಟಾ ಮೆಮೋರಿಯಲ್‌ನವರು ಸೇರಿ ಇಲ್ಲಿಯೇ ರೂಪಿಸಿದ ಚಿಕಿತ್ಸೆಗೆ 2023ರಲ್ಲಿ ಒಪ್ಪಿಗೆಯೂ ಸಿಕ್ಕಿತು. ಆದರೆ ಹದಿನೈದು ವರ್ಷ ದಾಟಿದವರಿಗೆ. ತನ್ನ ಮಗಳು ಬೇಗ ಬೇಗ ದೊಡ್ಡವಳಾಗಿಬಿಡಲಿ ಎಂದು ಹಾರೈಸುವ ಅಪ್ಪನನ್ನು ನಾನು ನೋಡಿದ್ದು ಅದೇ ಮೊದಲು. ಅದೇ ಮನುಷ್ಯ ಅದೇ ತಿಂಗಳು ತಾವರೆಕೆರೆ ಕಡೆ ಇದ್ದ ಮೂವತ್ತು-ನಲವತ್ತರ ಸೈಟು ಮಾರಿದರು. ಮೊದಲ ಸಲ ಅಕ್ಕನ ಬಳೆ ಹೋಗಿದ್ದವು. ಹಣದ ಬಗ್ಗೆ ಇಷ್ಟು ಸಾಕು.

ಇನ್ನು ಆ ಭಾನುವಾರ. ಟ್ರಿಮ್ಮರನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿಟ್ಟು ತೆಗೆದುಕೊಂಡು ಹೋದೆ. ಚಿನ್ನಿ ಬಚ್ಚಲಲ್ಲಿ ಆಗಲೇ ಹಳೆಯ ಬೆಡ್‌ಶೀಟ್ ಹಾಸಿದ್ದಳು. ಕೂದಲಿಗೆ ಎರಡು ಜಡೆ ಹಾಕಿಸಿಕೊಂಡಿದ್ದಳು. ಜಡೆ ಹಾಕಿದರೆ ಕೂದಲು ಚೆಲ್ಲಾಪಿಲ್ಲಿಯಾಗುವುದಿಲ್ಲ, ಹಾಗೆಯೇ ಕತ್ತರಿಸಿ ಇಟ್ಟುಕೊಳ್ಳಬಹುದು ಎಂದು ಯೋಚಿಸಿದ್ದು ಅವಳೇ. ಪ್ಲಾಸ್ಟಿಕ್ ಸ್ಟೂಲ್ ಇಟ್ಟರೆ ಬೇಡ ಎಂದಳು. "ಜವಳಕ್ಕೆ ಮಾಮನ ತೊಡೆಯ ಮೇಲೇ ಕೂರಬೇಕು, ಅಜ್ಜಿ ಹೇಳಿದ್ದಾಳೆ." ನಾನು ಮಣೆಯ ಮೇಲೆ ಕೂತೆ, ಅವಳು ನನ್ನ ಮೇಲೆ ಕೂತಳು. ಕಾಲು ನೆಲಕ್ಕೆ ಮುಟ್ಟುತ್ತಿತ್ತು. ಗಲ್ಲಕ್ಕೆ ಅವಳ ನೆತ್ತಿ ತಾಗುತ್ತಿತ್ತು.

ಕತ್ತರಿಯಿಂದ ಮೊದಲು ಜಡೆಗಳನ್ನು ತೆಗೆದೆ. ದಪ್ಪ ಜಡೆ ಒಂದೇ ಏಟಿಗೆ ತುಂಡಾಗುವುದಿಲ್ಲ, ಕರಕರ ಎನ್ನುತ್ತಾ ಅಗಿಯಬೇಕಾಗುತ್ತದೆ. ಆ ಸದ್ದಿಗೆ ನಾನು ತಯಾರಾಗಿರಲಿಲ್ಲ. ಅವಳು ಮಾತಾಡುತ್ತಲೇ ಇದ್ದಳು.

"ಮಾಮ, ಡಾಕ್ಟರಮ್ಮ ಕಳೆ ಕೀಳುತ್ತೇವೆ ಎಂದಿದ್ದರಲ್ಲ, ಬೇರು ಉಳಿದುಬಿಟ್ಟಿತ್ತೇ?"

"ಹೂಂ, ಸ್ವಲ್ಪ ಉಳಿದಿತ್ತಂತೆ."

"ಈ ಸಲ ನೋಡಿಕೊಂಡು ಕೀಳುತ್ತಾರೇ?"

"ಈ ಸಲ ಪೂರ್ತಿ ನೋಡುತ್ತಾರೆ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಟ್ರಿಮ್ಮರ್ ಕಿವಿಯ ಹಿಂದೆ ಹೋದಾಗ ಕಚಗುಳಿಯಾಗಿ ಭುಜ ಎತ್ತಿದಳು. ಆಮೇಲೆ, "ಹೋದ ಸಲವೂ ಪೂರ್ತಿ ನೋಡಿದ್ದರು" ಎಂದಳು. ದೂರಿನ ದನಿಯಲ್ಲ. ಲೆಕ್ಕದಲ್ಲಿ ಹತ್ತು ರೂಪಾಯಿ ಕಡಿಮೆಯಿದೆ ಎಂದು ಗಿರಾಕಿಗಳು ಹೇಳುತ್ತಾರಲ್ಲ, ಆ ದನಿ. ನನ್ನ ಬಳಿ ಉತ್ತರವಿರಲಿಲ್ಲ. ಈ ಸಲ ಅಕ್ಕ ಒಳಗೇ ಇದ್ದಳು, ಬಕೆಟ್ಟಿನ ಮೇಲೆ ಕೂತು ಎರಡೂ ಜಡೆಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅವಳೂ ಏನೂ ಹೇಳಲಿಲ್ಲ. ಕೊನೆಗೆ ಅಮ್ಮ ಗಂಧ ತೇಯ್ದು ತಂದಳು. ಚರ್ಮಕ್ಕೆ ಏನೂ ಹಚ್ಚಬೇಡಿ ಎಂದಿದ್ದರೆಂದು ನೆನಪಿಸಿದೆ. ಬೆರಳ ತುದಿಯಷ್ಟು, ಹಣೆಗೆ ಮಾತ್ರ ಇಟ್ಟಳು.

ಇಷ್ಟೂ ಹೊತ್ತು ನಾನು ಚಿನ್ನಿಯ ಅಣ್ಣನ ಬಗ್ಗೆ ಬರೆದಿಲ್ಲ. ನಮ್ಮ ಮನೆಯಲ್ಲೂ ಹಾಗೆಯೇ ಆಯಿತು.

ಮೊದಲ ಸಲ ಅವನಿಗೆ ಏಳು ವರ್ಷ. ತಂಗಿಗೆ ಸೋಂಕು ತಗಲಬಾರದು, ಆಸ್ಪತ್ರೆಗೆ ಓಡಾಡುವ ಅಕ್ಕನಿಗೆ ಅವನನ್ನು ನೋಡಿಕೊಳ್ಳಲು ಆಗುವುದಿಲ್ಲ ಎಂದು ಆರು ತಿಂಗಳು ಹನುಮಂತನಗರದಲ್ಲಿ ನಮ್ಮೊಂದಿಗೇ ಇಟ್ಟುಕೊಂಡಿದ್ದೆವು. ಬರುವಾಗ ಅಳುತ್ತಾ ಬಂದ, ಆಟೋದ ಕಂಬಿ ಹಿಡಿದುಕೊಂಡು ಇಳಿಯಲಾರೆ ಎಂದ. 2023ರ ಡಿಸೆಂಬರಿನಲ್ಲಿ, ಮಜ್ಜೆಯ ವರದಿ ಬಂದ ಸಂಜೆ, ನಾನು ಅಕ್ಕನ ಮನೆಗೆ ಹೋದಾಗ ಯಾರೂ ಅವನಿಗೆ ಏನೂ ಹೇಳಿರಲಿಲ್ಲ. ಬಾಗಿಲ ಪಕ್ಕದಲ್ಲಿ ಅವನ ನೀಲಿ ಚೀಲವಿತ್ತು. ಸಮವಸ್ತ್ರ, ಎರಡು ಜೊತೆ ಬಟ್ಟೆ, ಜಾಮಿಟ್ರಿ ಬಾಕ್ಸ್, ಹಲ್ಲುಜ್ಜುವ ಬ್ರಷ್ಷು. ಮೊದಲ ಸಲ ಬ್ರಷ್ಷು ಮರೆತು ಬಂದಿದ್ದ. ಹನ್ನೊಂದು ವರ್ಷದ ಹುಡುಗ ಬೂಟು ಹಾಕಿಕೊಂಡು ಸೋಫಾದ ಅಂಚಿನಲ್ಲಿ ಕೂತಿದ್ದ. "ಹೊರಡೋಣವೇ ಮಾಮ?" ಎಂದ.

ಜನವರಿಯಲ್ಲಿ ಮಜ್ಜೆಯ ಕಸಿ ಬೇಕಾದರೂ ಬೇಕಾದೀತು ಎಂದು ಮುಂಜಾಗ್ರತೆಗೆ ಅವನ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದಾಣಿಕೆಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಷ್ಟೇ ಇರುವುದು ಎಂದು ನಮಗೆಲ್ಲ ಹೇಳಿದ್ದರು, ಅವನಿಗೆ ಹೇಳಲು ಯಾರಿಗೂ ತೋಚಲಿಲ್ಲ. ಹೊಂದುವುದಿಲ್ಲ ಎಂಬ ವರದಿ ಬಂದ ದಿನ ಬ್ಯಾಂಕಿನಿಂದ ಬರುವಷ್ಟರಲ್ಲಿ ಅವನು ತಾರಸಿಯ ಮೇಲೆ ನಿತ್ಯಪುಷ್ಪದ ಬಕೆಟ್ಟಿನ ಹತ್ತಿರ ಕೂತಿದ್ದ.

"ಮಾಮ, ನಾನು ಫೇಲಾದೆನೇ?"

ಇದು ಪರೀಕ್ಷೆಯಲ್ಲ, ಅಪ್ಪ ಅಮ್ಮನಿಂದ ಯಾರಿಗೆ ಯಾವ ಅರ್ಧ ಬರುತ್ತದೆ ಎನ್ನುವುದು ನಾಣ್ಯ ಚಿಮ್ಮಿದ ಹಾಗೆ ಎಂದು ಜೇಬಿನಿಂದ ಎರಡು ನಾಣ್ಯ ತೆಗೆದು ಚಿಮ್ಮಿ ತೋರಿಸಿದೆ. ಎರಡೂ ತಲೆಯೇ ಬೀಳಬೇಕು, ಆಗ ಮಾತ್ರ ಹೊಂದುತ್ತದೆ. ಅವನು ನಾಣ್ಯ ತೆಗೆದುಕೊಂಡು ತಾನೇ ಚಿಮ್ಮಲು ಶುರುಮಾಡಿದ. ಕತ್ತಲಾಗುವವರೆಗೂ ಚಿಮ್ಮಿದ. ಎರಡೂ ತಲೆ ಬಿದ್ದಾಗಲೆಲ್ಲ ನನ್ನ ಕಡೆ ನೋಡುತ್ತಿದ್ದ. ನಾನು ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ತಿಳಿದಿಲ್ಲ.

ಫೆಬ್ರುವರಿಯಲ್ಲಿ ಎಂಆರ್‌ಡಿ ಪರೀಕ್ಷೆ. ಹತ್ತು ಸಾವಿರ ಕಣಗಳಲ್ಲಿ ಒಂದು ಕೆಟ್ಟ ಕಣ ಉಳಿದಿದ್ದರೂ ಹಿಡಿಯುವಂಥದ್ದು. ಉಳಿದಿಲ್ಲ ಎಂದು ಬಂತು. ಕಸಿಯ ಮಾತು ಪಕ್ಕಕ್ಕೆ ಸರಿಯಿತು, ಕೀಮೋದಲ್ಲಿಯೇ ಮುಂದುವರಿಯೋಣ ಎಂದರು. ಜುಲೈ ಹೊತ್ತಿಗೆ ಕಠಿಣವಾದ ಭಾಗ ಮುಗಿದು ಮಾತ್ರೆಗಳ ಕಾಲ ಶುರುವಾಯಿತು. ಈಗ ಮತ್ತೆ ಅವರೆಕಾಯಿ ಬಂದಿದೆ, ಎರಡು ವರ್ಷವಾಯಿತು. ಚಿನ್ನಿಗೆ ಒಂಬತ್ತು ತುಂಬುತ್ತಿದೆ. ರಾತ್ರಿಯ ಮಾತ್ರೆ, ಮಂಗಳವಾರದ ಮಾತ್ರೆ, ತಿಂಗಳ ಕೌಂಟ್. ಕೂದಲು ಬಂದಿದೆ, ಈ ಸಲ ನೆಟ್ಟಗೆ ಬಂದಿದೆ. ಅಮ್ಮನಿಗೆ ಅದೂ ಸಮಾಧಾನವಿಲ್ಲ, ಗುಂಗುರೇ ಚೆನ್ನಾಗಿತ್ತು ಎನ್ನುತ್ತಾಳೆ. ಅಕ್ಕ ರವೆ ಡಬ್ಬಿಯನ್ನು ತಿಂಗಳಿಗೊಮ್ಮೆ ಖಾಲಿ ಮಾಡಿ, ಹುಳ ಬೀಳದ ಹಾಗೆ ಹೊಸದಾಗಿ ಹುರಿದು ತುಂಬಿಸುತ್ತಾಳೆ. ಸ್ಟೆರಾಯ್ಡ್ ನಿಂತು ಎಷ್ಟೋ ಕಾಲವಾಗಿದೆ.

ಹುಡುಗ 2024ರ ಜುಲೈನಲ್ಲೇ ಮನೆಗೆ ಮರಳಿದ. ಹೋಗುವಾಗ ಸಮವಸ್ತ್ರ, ಪುಸ್ತಕ ಮಾತ್ರ ತೆಗೆದುಕೊಂಡು ಹೋದ. ನೀಲಿ ಚೀಲವನ್ನು ಎರಡು ಜೊತೆ ಬಟ್ಟೆಯ ಸಮೇತ ನನ್ನ ಬೀರುವಿನ ಕೆಳಗಿನ ಅರೆಯಲ್ಲಿ ಬಿಟ್ಟ. ಮರೆತಿದ್ದಾನೆಂದು ಒಂದು ಸಲ ತೆಗೆದುಕೊಂಡು ಹೊರಟೆ. "ಅಲ್ಲೇ ಇರಲಿ ಮಾಮ" ಎಂದ.

ಕಳೆದ ತಿಂಗಳು ಒಂದು ಶನಿವಾರ ಅವನೊಬ್ಬನೇ ಸೈಕಲ್ಲಿನಲ್ಲಿ ಬಂದಿದ್ದ. ಹದಿಮೂರು ವರ್ಷ, ದನಿ ಒಡೆಯುತ್ತಿದೆ, ಮೂಗಿನ ಕೆಳಗೆ ಕಪ್ಪು. ಅಜ್ಜಿ ಕೊಟ್ಟ ಕೋಡುಬಳೆ ತಿಂದು, ನನ್ನ ಕೋಣೆಗೆ ಹೋಗಿ ಬೀರು ತೆಗೆದ. ಚೀಲದಿಂದ ಹಳೆಯ ಅಂಗಿ ಚಡ್ಡಿಗಳನ್ನು ಹೊರಗೆ ಹಾಕಿ, ಎದೆಗೆ ಹಿಡಿದು ಅಳತೆ ನೋಡಿದ, ಎಲ್ಲವೂ ಚಿಕ್ಕವು. ಬೆನ್ನಿಗಿದ್ದ ಬ್ಯಾಗಿನಿಂದ ಎರಡು ಟೀ ಶರ್ಟು, ಎರಡು ಪ್ಯಾಂಟು ತೆಗೆದು, ಮಡಿಸಿ ಆ ಚೀಲದಲ್ಲಿಟ್ಟು ಜಿಪ್ ಎಳೆದ. ಹಳೆಯವನ್ನು ಅಜ್ಜಿಯ ಕೈಗೆ ಕೊಟ್ಟು, "ಇವು ಒರೆಸುವ ಬಟ್ಟೆಗೆ" ಎಂದು ಹೇಳಿ ಸೈಕಲ್ ಹತ್ತಿದ.